ಬೆಟ್ಟ ಇಳಿದು ತೋಟಕ್ಕೆ ಬರುವ ಕಾಲ

ಶಿರಸಿ, ಸಿದ್ದಾಪುರ ಸೀಮೆಯಲ್ಲಿ ಕೊನೆಕೊಯ್ಲು ಮುಗಿದು ಅಡಿಕೆ ಮೂಟೆ ಒಳಸೇರಿತೆಂದರೆ, ಅಷ್ಟು ದಿನ ಮರದ ತಲೆಯ ಮೇಲಿದ್ದ ಊರಿನ ಕಣ್ಣು ಬುಡಕ್ಕೆ ಇಳಿಯುತ್ತದೆ. ಫೆಬ್ರವರಿ, ಮಾರ್ಚ್ ತಿಂಗಳು ತೋಟದ ಮಣ್ಣಿನವು.

ಕೆಲಸ ಶುರುವಾಗುವುದು ತೋಟದಲ್ಲಲ್ಲ, ಅದರ ನೆತ್ತಿಯ ಮೇಲಿರುವ ಸೊಪ್ಪಿನ ಬೆಟ್ಟದಲ್ಲಿ. ಮತ್ತಿ, ನಂದಿ, ಕಿಂದಳದ ಮರಗಳು ಎಲೆ ಉದುರಿಸಿ ನಿಂತಿರುತ್ತವೆ. ನೆಲದ ಮೇಲೆ ಮೊಣಕಾಲು ಹುಗಿಯುವಷ್ಟು ದರಕು. ಬಿಸಿಲೇರುವ ಮೊದಲೇ ಬಂದ ಹೆಂಗಸರು ಸಾಲಾಗಿ ಗುಡಿಸುತ್ತ ಇಳಿಯುತ್ತಾರೆ. ಇಬ್ಬನಿ ಇನ್ನೂ ಆರದ ಹೊತ್ತಿಗೇ ಗುಡಿಸಬೇಕು. ಬಿಸಿಲು ಬಲಿತರೆ ಎಲೆ ಪುಡಿಯಾಗಿ ಕೈಗೆ ಸಿಗುವುದಿಲ್ಲ. ಗುಡ್ಡೆ ಹಾಕಿದ ದರಕನ್ನು ಹಗ್ಗದ ಬಲೆಗೆ ತುಂಬಿ, ಮೇಲೆ ಹತ್ತಿ ತುಳಿದು, ಮತ್ತೆ ತುಂಬುತ್ತಾರೆ. ತಲೆಯ ಮೇಲೆ ಹೊರೆ ಏರಿದ ಮೇಲೆ ಹೊತ್ತವರ ಮುಖ ಕಾಣುವುದಿಲ್ಲ. ಕಾಡಿನ ಕಾಲುದಾರಿಯಲ್ಲಿ ಎಲೆಯ ದೊಡ್ಡ ಉಂಡೆಗಳು ತಾವೇ ನಡೆದು ಬರುತ್ತಿರುವಂತೆ ತೋರುತ್ತದೆ.

ಈ ಬೆಟ್ಟಗಳು ಸುಮ್ಮನೆ ಸಿಕ್ಕ ಕಾಡಲ್ಲ. ತೋಟಕ್ಕೆ ಸೊಪ್ಪು, ದರಕು ಬೇಕೆಂದೇ ಬ್ರಿಟಿಷರ ಕಾಲದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟರು. ಒಂದಕ್ಕೆ ಒಂಬತ್ತು ಎನ್ನುವುದು ಕೇಳಲು ಹೆಚ್ಚೆನಿಸುತ್ತದೆ. ಲೆಕ್ಕ ಹಾಕಿದರೆ ಹಾಗಲ್ಲ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿಸೊಪ್ಪು, 12 ಕಿಲೋ ಗೊಬ್ಬರ ಕೊಡಬೇಕೆಂದು ಕೃಷಿ ವಿಜ್ಞಾನಿಗಳೂ ಹೇಳುತ್ತಾರೆ. ಒಂಬತ್ತಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಮರ. ಅಂದರೆ ಪ್ರತಿ ವರ್ಷ ಹದಿಮೂರು ಟನ್ನಿನಷ್ಟು ಬೆಟ್ಟವೇ ಒಂದು ಎಕರೆಗೆ ಇಳಿಯಬೇಕು.

ಇಳಿದದ್ದೆಲ್ಲ ನೇರ ತೋಟಕ್ಕೆ ಹೋಗುವುದಿಲ್ಲ. ನಡುವೆ ಕೊಟ್ಟಿಗೆಯಿದೆ. ಬೇಸಿಗೆಯಲ್ಲಿ ದರಕು, ಮಳೆಗಾಲದಲ್ಲಿ ಹಸಿಸೊಪ್ಪು ದನದ ಕಾಲಡಿ ಹಾಸಾಗುತ್ತದೆ. ದನ ತುಳಿದು, ಸಗಣಿ, ಗಂಜಲ ಕುಡಿದು ಗಟ್ಟಿಯಾದ ಹಾಸನ್ನು ಎಳೆದು ಗೊಬ್ಬರಗುಂಡಿಗೆ ತುಂಬುತ್ತಾರೆ. ಆ ಗುಂಡಿಯನ್ನು ಮಾರ್ಚಿನಲ್ಲಿ ಕಡಿಯುವಾಗ ನಿಂತು ನೋಡಬೇಕು. ಗುದ್ದಲಿ ಬಿದ್ದಲ್ಲಿ ಹಬೆ ಏಳುತ್ತದೆ. ಮೇಲಿನ ಪದರದಲ್ಲಿ ಮತ್ತಿ ಎಲೆಯ ನರಗಳು ಇನ್ನೂ ಹಾಗೇ ಇವೆ. ಎಲೆ ಕರಗಿದೆ, ಬಲೆ ಉಳಿದಿದೆ. ಒಂದು ಮೊಳ ಕೆಳಗೆ ಅದೂ ಇಲ್ಲ. ಕಪ್ಪಗೆ, ಪುಡಿಪುಡಿ, ಹಿಡಿದರೆ ಉಂಡೆಯಾಗಿ ಬೆರಳು ಬಿಟ್ಟರೆ ಉದುರುವ ಹದ. ಸಗಣಿ ವಾಸನೆ ಹೋಗಿ ಮೊದಲ ಮಳೆ ಬಿದ್ದ ನೆಲದ ಕಂಪು ಬಂದಿದೆ. ಅಲ್ಲಲ್ಲಿ ಹೆಬ್ಬೆರಳು ಗಾತ್ರದ ಬಿಳಿಹುಳು ಸುರುಳಿ ಸುತ್ತಿ ಮಲಗಿದೆ. ತೆಂಗಿನ ಸುಳಿ ಕೊರೆಯುವ ದುಂಬಿಯ ಮರಿ ಅದು. ಗುಂಡಿಯ ದಂಡೆಯಲ್ಲಿ ಕಾದಿದ್ದ ಗೊರವಂಕಗಳು ಆರಿಸಿ ಒಯ್ಯುತ್ತವೆ.

ತೋಟದೊಳಗೆ ತಂಪು. ಗುದ್ದಲಿಯವರು ಮರದ ಸುತ್ತ ಮೇಲುಮೇಲೆ ಕೆದಕುತ್ತಾರೆ. ಆಳಕ್ಕೆ ಅಗೆಯುವಂತಿಲ್ಲ, ಅಡಿಕೆಯ ಬೇರು ಹೆಚ್ಚಿನದೆಲ್ಲ ಮೇಲಿನ ಎರಡಡಿ ಮಣ್ಣಿನಲ್ಲೇ ಇದೆ. ಕೆದಕಿದಲ್ಲಿ ಸಣ್ಣ ಬೆಳ್ಳನೆಯ ಬೇರುತುದಿಗಳು ಕಾಣುತ್ತವೆ. ಅದರ ಮೇಲೆ ಗೊಬ್ಬರ, ಗೊಬ್ಬರದ ಮೇಲೆ ದರಕಿನ ಹೊದಿಕೆ. ದಂಡೆಯ ಮೇಲೆ ನಿಂತ ಮನೆಯ ಅಜ್ಜಿಯ ದನಿ ಕೇಳುತ್ತದೆ: “ಬುಡಕ್ಕೆ ಒತ್ತಿ ಹಾಕ್ಬೇಡ್ರೋ ತಮ್ಮಾ, ಒಂದ್ ಮೊಳ ಬಿಟ್ಕಂಡು ಹಾಕಿ!” ಬುಡಕ್ಕೆ ಒತ್ತಿದರೆ ಕಾಂಡ ಕೊಳೆಯುತ್ತದೆ, ಉಣ್ಣುವ ಬೇರು ಇರುವುದೂ ಬುಡದಿಂದ ಆಚೆ. ಈ ತಿಳಿವಳಿಕೆ ಅಜ್ಜಿಗೆ ಪುಸ್ತಕದಿಂದ ಬಂದದ್ದಲ್ಲ, ಪುಸ್ತಕ ಹೇಳುವುದೂ ಅದನ್ನೇ.

ಹೊದಿಕೆ ಯಾಕೆ ಬೇಕೆಂಬುದು ಜುಲೈನಲ್ಲಿ ಗೊತ್ತಾಗುತ್ತದೆ. ನಲವತ್ತು, ಐವತ್ತು ಅಡಿ ಎತ್ತರದ ಸೋಗೆಯಿಂದ ದಪ್ಪ ಹನಿ ಬೀಳುವಾಗ ಬರಿ ಮಣ್ಣು ಕುಳಿಯಾಗುತ್ತದೆ, ಬೇರು ಹೊರಬೀಳುತ್ತದೆ, ಕೆಂಪು ನೀರು ಕಾಲುವೆ ಸೇರುತ್ತದೆ. ಜೊತೆಗೆ ಬಿಡದ ಮಳೆ ಮಣ್ಣಿನ ಸುಣ್ಣದ ಅಂಶವನ್ನೂ ತೊಳೆದು ಒಯ್ದು ಹುಳಿ ಹೆಚ್ಚಿಸುತ್ತದೆ. ಅದಕ್ಕೇ ಎರಡು ಮೂರು ವರ್ಷಕ್ಕೊಮ್ಮೆ ಮರಕ್ಕೆ ಅರ್ಧ ಕಿಲೋದಷ್ಟು ಸುಣ್ಣ ಎರಚುವ ರೂಢಿ. ಎಲ್ಲಕ್ಕಿಂತ ಮುಖ್ಯವಾದದ್ದು ಬಸಿಗಾಲುವೆ. ಸಾಲುಗಳ ನಡುವೆ ಬೇರಿಗಿಂತ ಆಳವಾಗಿ ತೆಗೆದ ಕಾಲುವೆಯ ಹೂಳನ್ನು ಎತ್ತಿ ಮತ್ತೆ ದಂಡೆಗೇ ಹಾಕುತ್ತಾರೆ. ಹೋದ ಮಣ್ಣು ಹೀಗೆ ಮನೆಗೆ ಮರಳುತ್ತದೆ. ನೀರು ನಿಂತ ತೋಟಕ್ಕೆ ಯಾವ ಗೊಬ್ಬರ ಹಾಕಿಯೂ ಉಪಯೋಗವಿಲ್ಲ. ಹಿಡಿಮುಂಡಿಗೆ, ಅಣಬೆ ರೋಗ ಅಲ್ಲಿಗೇ ಬರುತ್ತವೆ.

ಎರಡು ಮೂರು ವರ್ಷಕ್ಕೊಮ್ಮೆ ಹೊಸ ಮಣ್ಣನ್ನೂ ಹಾಕುತ್ತಾರೆ. ಹಿಂದೆ ಇದು ಹೆಡಿಗೆಯ ಕೆಲಸ. ಧರೆಯ ಮೇಲುಪದರದ ಕೆಮ್ಮಣ್ಣನ್ನು ಕೆರೆದು, ಕೈಯಿಂದ ಕೈಗೆ ದಾಟಿಸಿ ತೆಳ್ಳಗೆ ಹರಡುತ್ತಿದ್ದರು. ಈಗ ಜೆಸಿಬಿ ಒಂದೇ ದಿನದಲ್ಲಿ ಧರೆ ಕಡಿದು ರಾಶಿ ಹಾಕುತ್ತದೆ. ಆಳುಗಳು ಸಿಗದ ಕಾಲದಲ್ಲಿ ಯಂತ್ರ ಬೇಡವೆಂದು ಯಾರೂ ಹೇಳಲಾರರು. ಆದರೆ ಅದರ ಹಲ್ಲು ಆಳಕ್ಕೆ ಹೋಗುತ್ತದೆ. ಅಲ್ಲಿಂದ ಬರುವುದು ಜೀವವಿಲ್ಲದ, ಅಂಟುವ ಶೇಡಿ ಮಣ್ಣು. ಒಂದು ಮಳೆ, ಒಂದು ಬಿಸಿಲಿಗೆ ಅದು ಬೇರಿನ ಮೇಲೆ ಗಾರೆಯಾಗಿ ಕೂರುತ್ತದೆ. ಕಡಿದ ಧರೆ ಆಷಾಢದಲ್ಲಿ ಕುಸಿದು ತೋಟದ ಮೇಲೇ ಬೀಳುವುದನ್ನೂ ಊರೂರಲ್ಲಿ ಕಂಡಿದ್ದೇವೆ.

ನನ್ನ ಆತಂಕ ಅದಕ್ಕಿಂತ ಮೇಲಿನದು, ಬೆಟ್ಟದ್ದು. ವರ್ಷ ವರ್ಷವೂ ದರಕು ಗುಡಿಸಿದ ಬೆಟ್ಟ ತಾನು ಏನು ಉಣ್ಣಬೇಕು? ಎಲ್ಲವನ್ನೂ ಬಳಿದುಕೊಂಡ ಕಡೆ ನೆಲ ಗಟ್ಟಿಯಾಗಿ, ಮುರಕಲ್ಲು ಎದ್ದು, ಮತ್ತಿ ಸಸಿ ಹುಟ್ಟುವ ಜಾಗದಲ್ಲಿ ಬರಿಯ ಕರಡ ಹುಲ್ಲು ನಿಂತಿದೆ. ಕೊಟ್ಟಿಗೆಯಲ್ಲಿ ದನವೂ ಕಡಿಮೆ, ಗೊಬ್ಬರ ಲಾರಿಯಲ್ಲಿ ಬರುತ್ತಿದೆ. ತೋಟ ಮಾತ್ರ ಗದ್ದೆ ಮುಚ್ಚಿ ವಿಸ್ತಾರವಾಗುತ್ತಲೇ ಇದೆ. ಬೆಟ್ಟವಿಲ್ಲದ ತೋಟ ಸಾಲದ ಮೇಲೆ ಬದುಕುತ್ತದೆ.

ಅಡಿಕೆ ತೋಟ ಇರುವವರಲ್ಲಿ ಕೇಳಿಕೊಳ್ಳುವುದಿಷ್ಟೇ. ಈ ವರ್ಷ ದರಕು ಗುಡಿಸುವಾಗ ಬೆಟ್ಟದ ಒಂದು ಪಾಲನ್ನು ಮುಟ್ಟದೆ ಬಿಡಿ, ಮುಂದಿನ ವರ್ಷ ಇನ್ನೊಂದು ಪಾಲನ್ನು. ಸುಲಿದ ಅಡಿಕೆಯ ಸಿಪ್ಪೆ, ಬಿದ್ದ ಸೋಗೆ, ಹಾಳೆಗಳನ್ನು ಸುಡದೆ ಕೊಚ್ಚಿ ತೋಟಕ್ಕೇ ಕೊಡಿ. ಮಳೆ ಹಿಡಿಯುವ ಮೊದಲೇ ಗುಂಡಿ ತೆಗೆದಿಟ್ಟು, ಜೂನಿನಲ್ಲಿ ಬೆಟ್ಟದ ಬೋಳು ಜಾಗಕ್ಕೆ ಮತ್ತಿ, ಹೊನ್ನೆ, ನೇರಳೆ ಸಸಿ ನೆಡಿ.