ಇಟಲಿಯ ಬೈಕು: ಕೊಳ್ಳುವ ಬೆಲೆ, ಸಾಕುವ ಖರ್ಚು



ಯೂರೋಪಿನಲ್ಲಿರುವ ನಿಮ್ಮ ಮಗನೋ ತಮ್ಮನೋ ದೂರ ಪ್ರಯಾಣಕ್ಕೆಂದು ಹಳೆಯ ಡುಕಾಟಿ ಬೈಕು ಕೊಳ್ಳಲೇ ಎಂದು ಕೇಳಿದರೆ ಏನು ಹೇಳುವಿರಿ? ಬೆಲೆ ಕಡಿಮೆಯೆಂದು ಒಡನೆಯೇ ಒಪ್ಪಬೇಡಿ. ಆನೆ ಕೊಂಡ ಮೇಲೆ ಮೇವಿನ ಲೆಕ್ಕ ಶುರುವಾಗುತ್ತದೆ.

ಬೊಲೊನ್ಯಾ ನಗರದ ಡುಕಾಟಿ ಕಂಪನಿ 1997ರಲ್ಲಿ ಎಸ್‌ಟಿ2 ಮಾದರಿಯನ್ನು ತಂದಿತು. ಆಮೇಲೆ ಎಸ್‌ಟಿ4, 2004ರಲ್ಲಿ ಎಸ್‌ಟಿ3 ಬಂದವು. ಮೂರಕ್ಕೂ ಎರಡೆರಡು ಸಿಲಿಂಡರು.

ಸಾಮಾನ್ಯ ಎಂಜಿನ್ನಿನಲ್ಲಿ ಕವಾಟವನ್ನು ಮುಚ್ಚುವುದು ಸ್ಪ್ರಿಂಗು. ಡೆಸ್ಮೊ ಎಂಬ ಈ ವ್ಯವಸ್ಥೆಯಲ್ಲಿ ತೆರೆಯಲು ಒಂದು ರಾಕರ್, ಮುಚ್ಚಲು ಇನ್ನೊಂದು. ಹಾಗಾಗಿ ಪ್ರತಿ ಕವಾಟಕ್ಕೂ ಎರಡು ಅಂತರಗಳನ್ನು ಅಳೆದು ಸರಿಪಡಿಸಬೇಕು. ಎಸ್‌ಟಿ2ರಲ್ಲಿ ಇಂಥ ಅಳತೆಗಳು 8, ಎಸ್‌ಟಿ3ರಲ್ಲಿ 12, ಎಸ್‌ಟಿ4ರಲ್ಲಿ 16. ಮೆಕ್ಯಾನಿಕ್ಕಿನ ಕೂಲಿಯೂ ಅದಕ್ಕೆ ತಕ್ಕಂತೆ ಏರುತ್ತದೆ.

ಇನ್ನು ಬೆಲ್ಟಿನ ವಿಷಯ. ಕವಾಟಗಳನ್ನು ನಡೆಸುವ ರಬ್ಬರ್ ಬೆಲ್ಟುಗಳನ್ನು, ಬೈಕು ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ. ಬೆಲ್ಟು ತುಂಡಾದರೆ ಪಿಸ್ಟನ್ನು ಕವಾಟಕ್ಕೆ ಬಡಿದು ಎಂಜಿನ್ನೇ ಹಾಳಾಗಬಹುದು.

ಎರಡು ವರ್ಷದಲ್ಲಿ 20,000 ಕಿಲೋಮೀಟರ್ ಓಡಿಸುವವರಿಗೂ 2,000 ಓಡಿಸುವವರಿಗೂ ಬೆಲ್ಟಿನ ಖರ್ಚು ಒಂದೇ. ಎರಡನೆಯವರಿಗೆ ಕಿಲೋಮೀಟರಿಗೆ ಹತ್ತು ಪಟ್ಟು ದುಬಾರಿ! ವೇಗಕ್ಕಿಂತ ಪ್ರಯಾಣ ಮುಖ್ಯವಾದರೆ ಎಸ್‌ಟಿ2 ಸಾಕು.

ಆದ್ದರಿಂದ ಬೆಲೆಗೆ ಮೊದಲು ಸರ್ವಿಸ್ ರಸೀದಿ ಕೇಳಲು ಹೇಳಿ. ಬೆಲ್ಟು ಬದಲಿಸಿದ ತಾರೀಖು ಅದರಲ್ಲಿಲ್ಲವೇ? ಆ ಖರ್ಚನ್ನೂ ಬೆಲೆಗೆ ಕೂಡಿಸಿಯೇ ಚೌಕಾಶಿಗಿಳಿಯಲಿ.