ಲಿನಕ್ಸ್ ಹಾಕಿಕೊಂಡೇ ಬರುವ ಲ್ಯಾಪ್‌ಟಾಪ್

ಅಂಗಡಿಯಲ್ಲಿ ಸಿಗುವ ಬಹುಪಾಲು ಲ್ಯಾಪ್‌ಟಾಪ್‌ಗಳು ವಿಂಡೋಸ್ ಸಮೇತ ಬರುತ್ತವೆ. ಅದರ ಪರವಾನಗಿಯ ಹಣ ಯಂತ್ರದ ಬೆಲೆಯೊಳಗೇ ಸೇರಿಹೋಗಿರುವುದರಿಂದ ಕೊಳ್ಳುವವರಿಗೆ ಅದು ಕಾಣುವುದಿಲ್ಲ. ಉಬುಂಟು, ಫೆಡೋರಾದಂಥ ಲಿನಕ್ಸ್ ವ್ಯವಸ್ಥೆಯನ್ನು ಕಾರ್ಖಾನೆಯಲ್ಲೇ ಹಾಕಿ ಮಾರುವ ಲ್ಯಾಪ್‌ಟಾಪ್‌ಗಳೂ ಉಂಟು. ಆದರೆ ಅವನ್ನು ಹುಡುಕಿಕೊಂಡು ಹೋಗಬೇಕು. ಲಿನಕ್ಸ್ ಪುಕ್ಕಟೆಯೂ ಹೌದು, ಮುಕ್ತವೂ ಹೌದು. ಇವೆರಡರಲ್ಲಿ ಮುಕ್ತ ಎಂಬ ಮಾತಿಗೇ ಹೆಚ್ಚು ತೂಕ: ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

ವಿಂಡೋಸ್ ಇಷ್ಟು ಗಟ್ಟಿಯಾಗಿ ಬೇರೂರಲು ಅದರ ಗುಣವೊಂದೇ ಕಾರಣವಲ್ಲ. ಹಿಂದೆ ಮೈಕ್ರೋಸಾಫ್ಟ್ ಹಲವು ಕಂಪ್ಯೂಟರ್ ತಯಾರಕರೊಂದಿಗೆ ಮಾಡಿಕೊಂಡ ಒಪ್ಪಂದಗಳಲ್ಲಿ, ಮಾರಿದ ಪ್ರತಿ ಯಂತ್ರಕ್ಕೂ ಇಂತಿಷ್ಟು ಹಣ ಎಂದಿರುತ್ತಿತ್ತು. ಯಂತ್ರದೊಳಗೆ ಬೇರೆ ವ್ಯವಸ್ಥೆ ಹಾಕಿದ್ದರೂ ಹಣ ತೆರಲೇಬೇಕಿತ್ತು. 1994ರಲ್ಲಿ ಅಮೆರಿಕದ ನ್ಯಾಯ ಇಲಾಖೆಯೊಂದಿಗೆ ಆದ ರಾಜಿಯಲ್ಲಿ ಈ ಪದ್ಧತಿ ನಿಂತಿತು. ಅಷ್ಟರಲ್ಲಿ ಗ್ರಾಹಕರಿಗೂ ಅಂಗಡಿಯವರಿಗೂ ವಿಂಡೋಸೇ ರೂಢಿಯಾಗಿತ್ತು.

ಲಿನಕ್ಸ್ ಲ್ಯಾಪ್‌ಟಾಪ್ ಜನಸಾಮಾನ್ಯರ ಕಣ್ಣಿಗೆ ಬಿದ್ದದ್ದು 2007ರಲ್ಲಿ. ಆ ವರ್ಷ ಡೆಲ್ ಅಮೆರಿಕದಲ್ಲಿ ಉಬುಂಟು ಹಾಕಿದ ಯಂತ್ರಗಳನ್ನು ಮಾರತೊಡಗಿತು. ಏಸೂಸ್ ‘ಈ ಪಿಸಿ’ (Eee PC) ಎಂಬ ತನ್ನ 7 ಇಂಚಿನ ಪುಟ್ಟ ಲ್ಯಾಪ್‌ಟಾಪನ್ನು ಲಿನಕ್ಸ್‌ನೊಂದಿಗೆ ಬಿಡುಗಡೆ ಮಾಡಿತು. 2012ರಲ್ಲಿ ಡೆಲ್ ಒಳಗೇ ಸ್ಪುಟ್ನಿಕ್ ಎಂಬ ಸಣ್ಣ ಯೋಜನೆ ಶುರುವಾಯಿತು. ಬಾರ್ಟನ್ ಜಾರ್ಜ್ ಅವರ ಮುಂದಾಳತ್ವದ ಆ ತಂಡಕ್ಕೆ ಸಿಕ್ಕಿದ್ದು 40,000 ಡಾಲರ್ ಮತ್ತು ಆರು ತಿಂಗಳು. ಎಕ್ಸ್‌ಪಿಎಸ್ 13 ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಚೆನ್ನಾಗಿ ಓಡುವಂತೆ ಮಾಡುವುದು ಅದರ ಕೆಲಸ. ಅಲ್ಲಿ ಕಾಡಿದ ತೊಡಕುಗಳಲ್ಲಿ ಒಂದು ಟಚ್‌ಪ್ಯಾಡ್. ಎರಡು ಬೆರಳಲ್ಲಿ ಪುಟ ಸರಿಸುವಂಥ ಸಣ್ಣ ಕೆಲಸಕ್ಕೂ ಹೊಸ ಚಾಲಕ ತಂತ್ರಾಂಶ (ಡ್ರೈವರ್) ಬೇಕಾಯಿತು. ಆ ವರ್ಷದ ನವೆಂಬರ್‌ನಲ್ಲಿ ಯಂತ್ರ ಮಾರುಕಟ್ಟೆಗೆ ಬಂತು.

ಯಾವ ಲ್ಯಾಪ್‌ಟಾಪ್‌ಗಾದರೂ ಪೆನ್‌ಡ್ರೈವ್‌ನಿಂದ ಲಿನಕ್ಸ್ ಹಾಕಿಕೊಳ್ಳಬಹುದಲ್ಲ, ಮೊದಲೇ ಹಾಕಿದ್ದನ್ನು ಯಾಕೆ ಕೊಳ್ಳಬೇಕು ಎಂಬ ಪ್ರಶ್ನೆಗೆ ಆ ಟಚ್‌ಪ್ಯಾಡೇ ಉತ್ತರ. ವೈಫೈ ಚಿಪ್, ಬೆರಳಚ್ಚು ಗುರುತಿಸುವ ಪಟ್ಟಿ, ಕ್ಯಾಮೆರಾ, ಗ್ರಾಫಿಕ್ಸ್ ಒಂದೊಂದಕ್ಕೂ ಚಾಲಕ ತಂತ್ರಾಂಶ ಬೇಕು. ಚಿಪ್ ತಯಾರಕರು ವಿಂಡೋಸ್‌ಗೆ ಬರೆದುಕೊಟ್ಟು ಲಿನಕ್ಸ್‌ಗೆ ಕೊಡದಿದ್ದರೆ ಆ ಭಾಗ ಸುಮ್ಮನೆ ಕೂರುವುದುಂಟು. ಮುಚ್ಚಳ ಮುಚ್ಚಿ ಚೀಲದಲ್ಲಿಟ್ಟ ಯಂತ್ರ ನಿದ್ದೆಗೆ ಜಾರದೆ ಒಳಗೊಳಗೇ ಬಿಸಿಯಾಗಿ, ಊರು ತಲುಪುವಷ್ಟರಲ್ಲಿ ಬ್ಯಾಟರಿ ಖಾಲಿಯಾಗಿರುವುದು ಇಂಥ ಹೊಂದಾಣಿಕೆ ಇಲ್ಲದ್ದರ ಫಲ. ಕಾರ್ಖಾನೆಯಲ್ಲೇ ಲಿನಕ್ಸ್ ಹಾಕಿದ ಕಂಪನಿ ಇವನ್ನೆಲ್ಲ ಮೊದಲೇ ಪರೀಕ್ಷಿಸಿರುತ್ತದೆ. ಕೆಟ್ಟರೆ ಹೊಣೆಯೂ ಅದರದೇ. ಒಂದಿಷ್ಟು ಹಣ ಉಳಿಯುವುದಕ್ಕಿಂತ ಈ ಹೊಣೆಗಾರಿಕೆಯೇ ದೊಡ್ಡ ಲಾಭ.

ಅಮೆರಿಕದ ಡೆನ್ವರ್‌ನ ಸಿಸ್ಟಮ್76, ಜರ್ಮನಿಯ ಟಕ್ಸೀಡೊ, ಸ್ಪೇನ್‌ನ ಸ್ಲಿಮ್‌ಬುಕ್ ಲಿನಕ್ಸ್ ಯಂತ್ರಗಳನ್ನೇ ನೆಚ್ಚಿಕೊಂಡ ಕಂಪನಿಗಳು. ಅಲ್ಲಿಂದ ಇಲ್ಲಿಗೆ ತರಿಸಿದರೆ ಸಾಗಣೆ, ಸುಂಕ ಸೇರಿ ಬೆಲೆ ಏರುತ್ತದೆ, ರಿಪೇರಿಯೂ ದೂರದ ಮಾತಾಗುತ್ತದೆ. ಲೆನೊವೊ 2020ರಿಂದ ಕೆಲವು ಥಿಂಕ್‌ಪ್ಯಾಡ್‌ಗಳನ್ನು ಫೆಡೋರಾ, ಉಬುಂಟು ಹಾಕಿ ಮಾರುತ್ತಿದೆ. ಭಾರತದಲ್ಲಿ ಕೊಳ್ಳುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಡಾಸ್ ಅಥವಾ ಫ್ರೀಡಾಸ್ ಎಂದು ಬರೆದ ಅಗ್ಗದ ಲ್ಯಾಪ್‌ಟಾಪ್ ಲಿನಕ್ಸ್ ಲ್ಯಾಪ್‌ಟಾಪ್ ಅಲ್ಲ. ವಿಂಡೋಸ್ ಹಣ ಬಿಟ್ಟಿದ್ದಾರೆ ಎಂದಷ್ಟೇ ಅದರ ಅರ್ಥ. ಆ ಯಂತ್ರದ ಮೇಲೆ ಲಿನಕ್ಸ್ ಪರೀಕ್ಷೆ ನಡೆದಿದೆ ಎಂದಲ್ಲ. ಉಬುಂಟು ರೂಪಿಸುವ ಕೆನೋನಿಕಲ್ ಸಂಸ್ಥೆ ತಾನು ಪರೀಕ್ಷಿಸಿ ಒಪ್ಪಿದ ಮಾದರಿಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಮಾದರಿಯ ಪೂರ್ತಿ ಹೆಸರು ಅದರಲ್ಲಿದೆಯೇ ನೋಡಬೇಕು. ಒಂದೇ ಹೆಸರಿನ ಎರಡು ಯಂತ್ರಗಳಲ್ಲಿ ವೈಫೈ ಚಿಪ್ ಬೇರೆ ಬೇರೆ ಇರುವುದುಂಟು.

ಕನ್ನಡದ ಕೆಲಸಕ್ಕೆ ಲಿನಕ್ಸ್ ಈಗ ಸಲೀಸು. ಗುಬ್ಬಿ, ನವಿಲು, ಲೋಹಿತ್, ನೋಟೊ ಅಕ್ಷರಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರ ಸರಿಯಾಗಿ ಮೂಡುತ್ತದೆ. ನುಡಿ ತಂತ್ರಾಂಶ ಬಳಸಿ ಬಂದವರಿಗೆ ಪರಿಚಿತವಾದ ಕಗಪ ಕೀಲಿಮಣೆಯೂ, ಇನ್‌ಸ್ಕ್ರಿಪ್ಟ್ ಕೂಡ ಇವೆ. ತೊಡಕಿರುವುದು ಹಳೆಯ ಕಡತಗಳಲ್ಲಿ. ಯೂನಿಕೋಡ್‌ಗೆ ಮುಂಚಿನ ನುಡಿ ಅಕ್ಷರಗಳಲ್ಲಿ ಟೈಪು ಮಾಡಿದವನ್ನು ಪರಿವರ್ತಿಸಿಕೊಳ್ಳಬೇಕು. ಪೇಜ್‌ಮೇಕರ್ ನೆಚ್ಚಿದ ಮುದ್ರಣಾಲಯಕ್ಕೆ, ಫೋಟೊಶಾಪ್ ಇಲ್ಲದೆ ನಡೆಯದ ಸ್ಟುಡಿಯೋಗೆ ಲಿನಕ್ಸ್ ಹೊಂದುವುದಿಲ್ಲ. ಅಂಥವರು ವಿಂಡೋಸ್ ಉಳಿಸಿಕೊಳ್ಳುವುದೇ ಸರಿ. ಪಾಠ, ಬರಹ, ಲೆಕ್ಕದ ಹಾಳೆ, ಬ್ರೌಸರ್, ಪ್ರೋಗ್ರಾಮಿಂಗ್ ಇಷ್ಟೇ ಸಾಕೆನ್ನುವ ವಿದ್ಯಾರ್ಥಿಗೂ ಶಿಕ್ಷಕರಿಗೂ ಲಿನಕ್ಸ್ ಧಾರಾಳವಾಗಿ ಸಾಕು. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷ ಸುರಕ್ಷತಾ ಪರಿಷ್ಕರಣೆ ದೊರೆಯುತ್ತದೆ. ಆಮೇಲೆ ಹೊಸ ಆವೃತ್ತಿಗೂ ಹಣವಿಲ್ಲ.

ಹಣ ಕೊಡುವ ಮುನ್ನ ಅಂಗಡಿಯಲ್ಲೇ ಯಂತ್ರ ತೆರೆಸಿ, ಫೋನಿನ ಹಾಟ್‌ಸ್ಪಾಟ್‌ಗೆ ವೈಫೈ ಜೋಡಿಸಿ, ಒಂದು ಹಾಡು ಹಾಕಿ, ಕ್ಯಾಮೆರಾ ನೋಡಿ, ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಟ್ಟು ತೆರೆಯಿರಿ. ಪರದೆ ತಕ್ಷಣ ಎಚ್ಚರಗೊಂಡು ವೈಫೈ ತಾನಾಗಿ ಮರುಜೋಡಣೆಯಾದರೆ ಆ ಲ್ಯಾಪ್‌ಟಾಪ್ ಕೊಳ್ಳಲು ಅಡ್ಡಿಯಿಲ್ಲ.