ಆರಿ ಹೋಗುವುದೇ ಅದರ ಕೆಲಸ

ಜುಲೈ ತಿಂಗಳ ಮಂಗಳೂರು. ಮರದ ಬೀರುವಿಗೆ ಹೊಡೆದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ನೋಡನೋಡುತ್ತಲೇ ಬಿಳಿಚಿಕೊಂಡು ಮಂಕಾಗುತ್ತದೆ. ಮನೆಯವರು ಲ್ಯಾಕರ್ ಕಳಪೆ ಎನ್ನುತ್ತಾರೆ. ಪಳಗಿದ ಪೇಂಟರ್‌ನ ಕಣ್ಣು ಹೋಗುವುದು ಪಕ್ಕದ ಥಿನ್ನರ್ ಡಬ್ಬಿಯ ಮೇಲೆ. ಬೇಗ ಹಾರುವ ಥಿನ್ನರ್ ಹೋಗುವಾಗ ಮೇಲ್ಮೈಯ ಶಾಖವನ್ನೂ ಹೊತ್ತೊಯ್ಯುತ್ತದೆ. ತಣ್ಣಗಾದ ಆ ಮೈಮೇಲೆ ಮಳೆಗಾಲದ ಗಾಳಿಯ ತೇವ ಹನಿಗಟ್ಟಿ, ಒಣಗುತ್ತಿರುವ ಪದರದಲ್ಲಿ ಸಿಕ್ಕಿಬೀಳುತ್ತದೆ. ನಿಧಾನವಾಗಿ ಆರುವ ರಿಟಾರ್ಡರನ್ನು ಸ್ವಲ್ಪ ಬೆರೆಸಿಕೊಂಡಿದ್ದರೆ ಈ ಬಿಳುಪಿನಿಂದ ಬಹುಮಟ್ಟಿಗೆ ಪಾರಾಗಬಹುದಿತ್ತು.

ಬಣ್ಣದಲ್ಲಿರುವ ರಾಳ, ವರ್ಣಪುಡಿ ಎರಡೂ ಗೋಡೆಯ ಮೇಲೋ ಕಬ್ಬಿಣದ ಮೇಲೋ ವರ್ಷಗಟ್ಟಲೆ ಉಳಿಯುತ್ತವೆ. ಥಿನ್ನರ್ ಮಾತ್ರ ಉಳಿಯಲು ಬಂದದ್ದಲ್ಲ. ಬಣ್ಣವನ್ನು ಸ್ಪ್ರೇ ಗನ್ನಿನಿಂದ ಹೊರಡಿಸಿ, ಸಮವಾಗಿ ಹರಡಿಸಿ, ತಕ್ಕ ಹೊತ್ತಿಗೆ ಹೊರಟುಹೋಗಬೇಕು. ಬೇಗ ಹೋದರೆ ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿ; ತಡವಾದರೆ ಬಣ್ಣ ಕೆಳಗಿಳಿದು ಗೆರೆಗೆರೆ. ಇಷ್ಟು ಹೊಣೆ ಹೊತ್ತ ವಸ್ತುವನ್ನು ಅಂಗಡಿಯಲ್ಲಿ ‘ಯಾವುದಾದರೂ ಒಂದು ಕೊಡಿ’ ಎಂದು ಕೇಳುವುದು ನನಗೆ ಬೇಸರದ ಸಂಗತಿ.

ಯಾವ ಥಿನ್ನರ್ ಎಂಬುದನ್ನು ಮೊದಲು ನಿರ್ಧರಿಸುವುದು ಬಣ್ಣದೊಳಗಿನ ರಾಳ. ಗೋಡೆಯ ಎಮಲ್ಷನ್ನಿಗೆ ನೀರು ಸಾಕು. ಅರಗಿನ ಫ್ರೆಂಚ್ ಪಾಲಿಶ್‌ಗೆ ಸ್ಪಿರಿಟ್. ಕಿಟಕಿ ಗ್ರಿಲ್ಲಿನ ಸಿಂಥೆಟಿಕ್ ಎನಾಮೆಲ್ಲಿಗೆ ಟರ್ಪೆಂಟೈನ್. ಪೈನ್ ಮರದ ಅಂಟಿನಿಂದ ಬರುವ ಟರ್ಪೆಂಟೈನ್ ಬೇರೆ, ಇಂದು ನಮ್ಮ ಅಂಗಡಿಗಳಲ್ಲಿ ಆ ಹೆಸರಿನಲ್ಲಿ ಹೆಚ್ಚಾಗಿ ಸಿಗುವುದು ಪೆಟ್ರೋಲಿಯಮ್ಮಿನಿಂದ ಬಂದದ್ದು. ಹಳೆಯ ಎನಾಮೆಲ್ ಮೇಲೆ ಎನ್‌ಸಿ ಹೊಡೆದರೆ ಅದರ ಕಟುವಾದ ಥಿನ್ನರ್ ಕೆಳಗಿನ ಪದರವನ್ನೇ ಎಬ್ಬಿಸಿ ಸುಕ್ಕುಗಟ್ಟಿಸುತ್ತದೆ.

ಎನ್‌ಸಿ ಥಿನ್ನರ್ ಎಂಬುದು ಒಂದೇ ದ್ರವವಲ್ಲ. ನೈಟ್ರೋಸೆಲ್ಯುಲೋಸನ್ನು ನಿಜವಾಗಿ ಕರಗಿಸುವುದು ಬ್ಯುಟೈಲ್ ಅಸಿಟೇಟ್‌ನಂಥ ಎಸ್ಟರುಗಳು, ಕೀಟೋನುಗಳು. ಜೊತೆಗಿರುವ ಆಲ್ಕೋಹಾಲ್ ಅವುಗಳಿಗೆ ಬಲ ಕೊಡುತ್ತದೆ. ಇದರಲ್ಲೇ ಇರುವ ಟಾಲ್ಯೂಯೀನ್ ತಾನಾಗಿ ಕರಗಿಸದು. ತೆಳುಗೊಳಿಸಿ ಖರ್ಚು ಇಳಿಸುತ್ತದೆ. ಇವು ಹಾರಿಹೋಗುವ ಸರದಿಯಲ್ಲೇ ಗುಟ್ಟಿದೆ. ಕರಗಿಸುವವು ಮೊದಲೇ ಹೋಗಿ ಟಾಲ್ಯೂಯೀನ್ ಹಿಂದುಳಿದರೆ, ನೈಟ್ರೋಸೆಲ್ಯುಲೋಸ್ ಒಡೆದು ಪದರ ಮಸುಕಾಗುತ್ತದೆ. ಟಾಲ್ಯೂಯೀನ್ ಅತಿಯಾದ ಅಗ್ಗದ ಥಿನ್ನರ್ ಕೈಕೊಡುವುದು ಇಲ್ಲೇ.

1923ರಲ್ಲಿ ಜನರಲ್ ಮೋಟರ್ಸ್ ತನ್ನ ಓಕ್‌ಲ್ಯಾಂಡ್ ಕಾರುಗಳಿಗೆ ಡ್ಯುಪಾಂಟ್ ಕಂಪನಿಯ ಡ್ಯೂಕೋ ಎಂಬ ಎನ್‌ಸಿ ಲ್ಯಾಕರ್ ಬಳಸಿತು. ವಾರಗಟ್ಟಲೆ ಹಿಡಿಯುತ್ತಿದ್ದ ಕಾರಿನ ಬಣ್ಣದ ಕೆಲಸ ಬಹಳ ಬೇಗ ಮುಗಿಯತೊಡಗಿತು. ಆ ಹೆಸರು ನಮ್ಮ ಪೀಠೋಪಕರಣದ ಶೆಡ್ಡುಗಳಲ್ಲಿ ಈಗಲೂ ಓಡಾಡುತ್ತಿದೆ, ಗನ್ನಿನಲ್ಲಿರುವುದು ಎಷ್ಟೋ ಸಲ ಪಿಯು (ಪಾಲಿಯುರೆಥೇನ್) ಆಗಿದ್ದರೂ. ಪಿಯುಗೆ ಎನ್‌ಸಿ ಥಿನ್ನರ್ ಸಲ್ಲದು. ಪಿಯು ಹಾರ್ಡ್‌ನರ್‌ನಲ್ಲಿರುವ ಐಸೊಸಯನೇಟ್ ಬಣ್ಣದ ರಾಳದೊಂದಿಗೆ ಬೆಸೆಯಬೇಕು. ಎನ್‌ಸಿ ಥಿನ್ನರಿನ ಆಲ್ಕೋಹಾಲ್ ನಡುವೆ ನುಗ್ಗಿ ಅದರ ಒಂದಷ್ಟನ್ನು ತಾನೇ ಸೆಳೆದುಕೊಳ್ಳುತ್ತದೆ. ಅವತ್ತು ಎಲ್ಲವೂ ಹೊಳೆಯುತ್ತದೆ. ಪದರ ಗಟ್ಟಿಯಾಗಿಲ್ಲ ಎಂಬುದು ತಿಳಿಯುವುದು ಆಮೇಲೆ, ಮೇಜಿನ ಮೇಲೆ ಉಗುರು ಒತ್ತಿದಾಗ.

ಬೆರೆಸುವ ಮೊದಲು ಡಬ್ಬಿಯ ತಳ ಕೆದಕಿ ಬಣ್ಣವನ್ನು ಚೆನ್ನಾಗಿ ಕಲಕಬೇಕು. ಥಿನ್ನರನ್ನು ಸ್ವಲ್ಪ ಸ್ವಲ್ಪವೇ ಸುರಿದು, ಕೊನೆಗೆ ನೈಲಾನ್ ಬಟ್ಟೆಯಲ್ಲಿ ಸೋಸಬೇಕು. ಕೋಲಿನಿಂದ ಇಳಿಯುವ ಧಾರೆ ನೋಡಿಯೇ ಹದ ಹೇಳುವವರಿದ್ದಾರೆ. ಅವರ ಕಣ್ಣಿನ ಮೇಲೆ ನನಗೆ ಗೌರವವಿದೆ. ಆದರೆ ಕಲಿಯುವವರ ಕೈಗೆ ಬಿ-4 ಕಪ್ ಕೊಡಬೇಕು. ತಳದಲ್ಲಿ 4 ಮಿಲಿಮೀಟರ್ ತೂತಿರುವ ಈ ಬಟ್ಟಲನ್ನು ತುಂಬಿ, ಧಾರೆ ಕಡಿಯುವವರೆಗಿನ ಸೆಕೆಂಡುಗಳನ್ನು ಎಣಿಸುತ್ತಾರೆ. ಸ್ಪ್ರೇಗೆ ಸಾಮಾನ್ಯವಾಗಿ 18ರಿಂದ 22 ಸೆಕೆಂಡ್; ಕಂಪನಿಯ ಸೂಚನೆ ಬೇರೆ ಇದ್ದರೆ ಅದೇ ಅಂತಿಮ. ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಬಣ್ಣ ತಾನಾಗಿಯೇ ತೆಳುವಾಗಿರುತ್ತದೆ, ಮಡಿಕೇರಿಯ ಡಿಸೆಂಬರಿನಲ್ಲಿ ಮಂದ. ಹಾಗಾಗಿ ಒಂದೂರಿನ ಅಳತೆ ಇನ್ನೊಂದೂರಿಗೆ ಹೊಂದದು.

ಮುಖಕ್ಕೆ ಕರವಸ್ತ್ರ ಕಟ್ಟಿ ಸ್ಪ್ರೇ ಮಾಡುವ ಹುಡುಗರನ್ನು ಕಂಡಾಗ ಸಂಕಟವಾಗುತ್ತದೆ. ಬಟ್ಟೆ ಆವಿಯನ್ನು ತಡೆಯದು, ಇಂಗಾಲದ ಫಿಲ್ಟರ್ ಇರುವ ಮಾಸ್ಕ್ ಬೇಕು. ಪಿಯು ಸ್ಪ್ರೇಗೆ ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮಾಸ್ಕೇ ಸುರಕ್ಷಿತ. ಟಾಲ್ಯೂಯೀನ್ ಆವಿ ಗಾಳಿಗಿಂತ ಭಾರ, ನೆಲದುದ್ದಕ್ಕೂ ಹರಿದು ದೂರದ ಕಿಡಿಗೂ ಹೊತ್ತಿಕೊಳ್ಳಬಲ್ಲದು. ಥಿನ್ನರನ್ನು ನೀರಿನ ಬಾಟಲಿಯಲ್ಲಿ ಇಡಲೇಬಾರದು. ಗನ್ ತೊಳೆದ ಥಿನ್ನರನ್ನು ಮೋರಿಗೆ ಚೆಲ್ಲದೆ ಮುಚ್ಚಿದ ತಗಡಿನ ಡಬ್ಬಿಯಲ್ಲಿಟ್ಟರೆ ಬಣ್ಣ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಮುಂದಿನ ಸಲ ಗನ್ನಿನ ಮೊದಲ ತೊಳೆತಕ್ಕೆ ಬಳಸಬಹುದು, ಹೊಸ ಬಣ್ಣಕ್ಕೆ ಮಾತ್ರ ಬೆರೆಸಬಾರದು.